ಮೀಟರಿನ ಮೇಲಿನ ಕುಂಕುಮ

ಇದನ್ನು ಬರೆಯಬೇಕೆಂದು ನೋಟ್‌ಬುಕ್ ತಂದು ಮೂರು ವರ್ಷವಾಯಿತು. ಒಂದು ಸಾಲೂ ಬರೆಯದೆ ಕಪಾಟಿನಲ್ಲಿ ಇಟ್ಟಿದ್ದೆ. ಕಡೆಗೆ ಮೊಮ್ಮಗಳು ಅದನ್ನು ಎತ್ತಿಕೊಂಡು ಹೋಗಿ ಮಗ್ಗಿ ಬರೆದು ಮುಗಿಸಿದಳು. ನಾನು ಬೈಯಲಿಲ್ಲ, ಒಳಗೊಳಗೇ ಸಮಾಧಾನವಾಯಿತು. ಮಂಡಿನೋವು ಎಂದು ಒಂದಷ್ಟು ದಿನ ಮುಂದೂಡಿದೆ, ಕಣ್ಣಿನ ಆಪರೇಷನ್ ಎಂದು ಇನ್ನಷ್ಟು ದಿನ. ಎರಡೂ ಸುಳ್ಳಲ್ಲ. ನಿಜವಾದ ಮಾತನ್ನೇ ಮುಂದಿಟ್ಟುಕೊಂಡು ಅದರ ಹಿಂದೆ ಅಡಗುವುದು ನನಗೆ ಹಳೆಯ ಅಭ್ಯಾಸ. ಅದರಿಂದ ಒಬ್ಬರ ಬದುಕು ಕೆಟ್ಟಿತು. ಆ ಸಂಗತಿಯನ್ನೇ ಹೇಳಲು ಕೂತಿದ್ದೇನೆ.

ನಾನು ಯಲಿಯೂರಿನ ಕಡೆಯವನು. ಎಸ್ಸೆಸ್ಸೆಲ್ಸಿ ಪಾಸು ಮಾಡಿ, ಒಬ್ಬ ಹಿರಿಯರ ಕೈಕೆಳಗೆ ಕೆಲಸ ಕಲಿತು, ಪರೀಕ್ಷೆ ಬರೆದು ಬಾಯ್ಲರ್ ಅಟೆಂಡೆಂಟ್ ಎಂಬ ಸರ್ಟಿಫಿಕೇಟು ಪಡೆದೆ. ಆ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಮಂಡ್ಯದ ಗುತ್ತಲಿನ ನಮ್ಮ ಮನೆಯ ನಡುಮನೆಯಲ್ಲಿ, ದೇವರ ಪಟಗಳ ಸಾಲಿನಲ್ಲೇ ನೇತುಹಾಕಿದ್ದೆ. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿದ್ದ ಒಂದು ಅಕ್ಕಿ ಮಿಲ್ಲಿನಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕೆಲಸ ಮಾಡಿದೆ. ಮಂಡ್ಯದಿಂದ ಮದ್ದೂರಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಆ ಮಿಲ್ಲು ಈಗಿಲ್ಲ. ಆ ಜಾಗದಲ್ಲಿ ಕಲ್ಯಾಣ ಮಂಟಪ ಎದ್ದಿದೆ.

ಅಲ್ಲಿ ಕುಸುಬಲಕ್ಕಿ ಮಾಡುತ್ತಿದ್ದರು. ಭತ್ತವನ್ನು ನೆನೆಹಾಕಿ, ದೊಡ್ಡ ಕೊಳಗಗಳಲ್ಲಿ ಆವಿಯಿಂದ ಬೇಯಿಸಿ, ಒಣಗಿಸಿ ಆಮೇಲೆ ಅಕ್ಕಿ ಮಾಡುವುದು. ಆ ಆವಿ ಕೊಡುತ್ತಿದ್ದದ್ದು ನನ್ನ ಬಾಯ್ಲರು. ತಿಳಿಯದವರಿಗೆ ಹೇಳುವುದಾದರೆ ಅದು ಮುಚ್ಚಿದ ದೊಡ್ಡ ಹಂಡೆ. ಕೆಳಗೆ ಭತ್ತದ ಹೊಟ್ಟಿನ ಉರಿ, ಒಳಗೆ ನೀರು, ಮೇಲೆ ಹೊರಗೆ ಹೋಗಲು ತವಕಿಸುವ ಆವಿ. ಆ ಆವಿಯ ಒತ್ತಡ ಎಷ್ಟಿದೆ ಎಂದು ತೋರಿಸಲು ಗಡಿಯಾರದ ಹಾಗೆ ಒಂದು ಮೀಟರು ಇರುತ್ತದೆ. ಅದರಲ್ಲಿ ಒಂದು ಕೆಂಪು ಗೀಟು. ಮುಳ್ಳು ಆ ಗೀಟು ದಾಟಬಾರದು. ಒಂದು ವೇಳೆ ದಾಟಿದರೆ ಕಾಪಾಡಲು ಮೇಲೆ ಸೇಫ್ಟಿ ವಾಲ್ವು ಇರುತ್ತದೆ. ಒತ್ತಡ ಮೀರಿದಾಗ ಅದು ತಾನಾಗಿಯೇ ಬಾಯಿ ತೆರೆದು, ಊರಿಗೆಲ್ಲ ಕೇಳುವಂತೆ ಕೂಗಿ, ಆವಿಯನ್ನು ಹೊರಗೆ ಬಿಡುತ್ತದೆ. ಅದರ ಒಳಗಿನ ಸ್ಪ್ರಿಂಗನ್ನು ಎಷ್ಟು ಬಿಗಿಯಬೇಕೆಂದು ತಿಳಿದವರು ಗೊತ್ತುಮಾಡಿ, ನಟ್ಟಿನ ಮೇಲೆ ಟೋಪಿ ಹಾಕಿ, ತಂತಿ ಸುತ್ತಿ, ಸೀಸದ ಮುದ್ರೆ ಒತ್ತಿರುತ್ತಾರೆ. ಆ ಮುದ್ರೆ ಮುಟ್ಟುವ ಅಧಿಕಾರ ನನ್ನಂಥವನಿಗೆ ಇಲ್ಲ. ಪರೀಕ್ಷೆಯಲ್ಲಿ ಅದನ್ನು ಬರೆದೇ ನಾನು ಪಾಸಾಗಿದ್ದು.

ನನಗೆ ಒಂದು ಜಂಬವಿತ್ತು. ಬಾಯ್ಲರಿನ ಸದ್ದು ಕೇಳಿಯೇ ಒತ್ತಡ ಹೇಳಬಲ್ಲೆ ಎಂಬ ಜಂಬ. ಅಂಗಳದಲ್ಲಿ ನಿಂತು, "ಈಗ ಏಳು ಕೇಜಿ ಪ್ರೆಸರ್ ಐತೆ, ಓಗಿ ನೋಡ್ಕೊಳ್ಳಿ" ಎನ್ನುತ್ತಿದ್ದೆ. ಯಾರಾದರೂ ಹೋಗಿ ನೋಡಿದರೆ ಏಳೇ ಇರುತ್ತಿತ್ತು. ಲಾರಿ ಡ್ರೈವರುಗಳು ಕೂಡ ಇದನ್ನು ನೋಡಲು ನಿಲ್ಲುತ್ತಿದ್ದರು. ಮೀಟರು ನೋಡುವುದು ಕೆಲಸ ಬಾರದವರು ಮಾಡುವ ಕೆಲಸ ಎಂದು ನನಗೆ ಅನ್ನಿಸತೊಡಗಿತ್ತು.

ಬಾಯ್ಲರ್ ಮನೆಯಲ್ಲಿ ನಾವು ಮೂವರು. ನಾನು, ಒಲೆಗೆ ಹೊಟ್ಟು ತಳ್ಳುವ ಫೈರ್‌ಮನ್, ಮತ್ತೆ ಹೊಟ್ಟು, ಬೂದಿ ಗುಡಿಸುವ ಒಬ್ಬ ಹೆಂಗಸು. ಫೈರ್‌ಮನ್ ನನಗಿಂತ ಐದಾರು ವರ್ಷ ಚಿಕ್ಕವನು, ಗಟ್ಟಿ ಆಳು, ಮಾತಿಗೆ ಮೊದಲು ತಮಾಷೆ. ಆ ಹೆಂಗಸು ಮಳವಳ್ಳಿ ಕಡೆಯ ಹಳ್ಳಿಯವಳು. ಗಂಡ ತೀರಿಕೊಂಡಿದ್ದ, ಒಬ್ಬಳು ಮಗಳಿದ್ದಳು. ಅವಳು ನನ್ನನ್ನು ಅಣ್ಣ ಎಂದು ಕರೆಯುತ್ತಿದ್ದಳು. ನಾನು ಅವಳನ್ನು ಏನೆಂದೂ ಕರೆಯುತ್ತಿರಲಿಲ್ಲ. ಚಪ್ಪಾಳೆ ತಟ್ಟುತ್ತಿದ್ದೆ, ಇಲ್ಲವೇ "ಏ" ಅನ್ನುತ್ತಿದ್ದೆ.

ಅವಳಿಗೆ ಓದು ಬರುತ್ತಿರಲಿಲ್ಲ. ಆದರೆ ಅಪಾಯ ಎಲ್ಲಿದೆ ಎಂದು ನಮ್ಮಿಬ್ಬರಿಗಿಂತ ಮೊದಲು ಅವಳಿಗೆ ಗೊತ್ತಾಗುತ್ತಿತ್ತು. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು. ಬಾಯ್ಲರಿನ ಪೈಪುಗಳೊಳಗೆ ಕಲ್ಲಿನಂತೆ ಕಿಟ್ಟ ಕಟ್ಟುತ್ತದೆ. ಅದನ್ನು ಕರಗಿಸಲು ವರ್ಷಕ್ಕೊಮ್ಮೆ ಆಸಿಡ್ ತರಿಸುತ್ತಿದ್ದೆವು. ಅದೇ ಬಣ್ಣದ ಕ್ಯಾನಿನಲ್ಲಿ ನೀರಿಗೆ ಬೆರೆಸುವ ಬೇರೆ ಔಷಧಿಯೂ ಬರುತ್ತಿತ್ತು. ಎರಡೂ ಕೂಡಿದರೆ ಕುದಿದು ಮುಖಕ್ಕೆ ಎರಚುತ್ತದೆ. ಚೀಟಿ ಓದಲು ಬಾರದ ಅವಳು ಆಸಿಡ್ ಕ್ಯಾನಿನ ಕುತ್ತಿಗೆಗೆ ಹಳೆಯ ಕೆಂಪು ಸೀರೆಯ ಚೂರು ಕಟ್ಟಿ, ಅದನ್ನು ಬೇರೆ ಮೂಲೆಗೆ ಸರಿಸಿದ್ದಳು. ಒಂದು ಸಲ ನಾನು ಮನೆಯ ಬಚ್ಚಲು ಉಜ್ಜಲೆಂದು ಸ್ವಲ್ಪ ಆಸಿಡನ್ನು ಜ್ಯೂಸಿನ ಬಾಟಲಿಗೆ ಬಗ್ಗಿಸಿಕೊಳ್ಳುತ್ತಿದ್ದೆ. ಅವಳು ಪೊರಕೆ ಬಿಟ್ಟು ಬಂದಳು.

"ಅಣ್ಣೋ, ಕುಡಿಯೋ ಬಾಟ್ಲಿಗೆ ಅದ್ನ ಉಯ್ಕೋಬೇಡಿ. ಮನೇಲಿ ಯಾರಾರ ಬಾಯಾರ್ಕೆ ಅಂತ ಎತ್ಕಂಡ್ರೆ?"

"ನಮ್ ಮನೇಲಿ ಎಲ್ರಿಗೂ ಓದಾಕೆ ಬತ್ತದೆ" ಅಂದೆ.

"ಬಾಯಾರ್ಕೆ ಆದಾಗ ಯಾರಣ್ಣ ಓದ್ತಾರೆ?"

ಫೈರ್‌ಮನ್ ಬಿದ್ದು ಬಿದ್ದು ನಕ್ಕ. ಹೈಸ್ಕೂಲು ಓದಿದ ನನ್ನ ಮುಖ ಸಣ್ಣದಾಯಿತು. ಅವಳ ಮಾತು ಸರಿಯಿತ್ತು ಎಂಬುದಕ್ಕಿಂತ ಅವನು ನಕ್ಕದ್ದು ನನ್ನ ಮನಸ್ಸಿನಲ್ಲಿ ಉಳಿಯಿತು.

ಆ ವರ್ಷ ನವರಾತ್ರಿಗೆ ಒಂದು ತಿಂಗಳ ಮುಂಚೆ ಸೇಫ್ಟಿ ವಾಲ್ವು ಸೋರಲು ಶುರುವಾಯಿತು. ಅದರ ಒಳಗಿನ ತಟ್ಟೆ ಸವೆದಿತ್ತು. ಒತ್ತಡ ಗೀಟು ಮುಟ್ಟುವ ಮೊದಲೇ ಪಿಸ್ ಪಿಸ್ ಎಂದು ಆವಿ ಉಗುಳುತ್ತಿತ್ತು. ಯಜಮಾನರಿಗೆ ಹೇಳಿ, ಕೆಲಸ ನಿಲ್ಲಿಸಿ, ಮೆಕ್ಯಾನಿಕ್ಕನ್ನು ಕರೆಸಿ ತಟ್ಟೆ ಬದಲಿಸಬೇಕಿತ್ತು. ನಾನು ಹೇಳಿದ್ದರೆ ಅವರು ಬೇಡ ಅನ್ನುತ್ತಿರಲಿಲ್ಲ. ಆದರೆ ಆ ಡ್ರೈವರುಗಳು, "ಏನ್ ಸ್ವಾಮಿ, ನಿಮ್ ಬಾಯ್ಲರ್‌ಗೆ ಕೆಮ್ಮು ಬಂದೈತೆ" ಎಂದು ಆಡಿಕೊಳ್ಳುವುದನ್ನು ನನಗೆ ಸಹಿಸಲಾಗಲಿಲ್ಲ. ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಏಣಿ ಹತ್ತಿ, ತಂತಿ ಬಿಡಿಸಿ, ಟೋಪಿ ತೆಗೆದು, ನಟ್ಟನ್ನು ಎರಡು ಸುತ್ತು ಬಿಗಿದೆ. ತಂತಿಯನ್ನು ಮತ್ತೆ ಸುತ್ತಿ ಮುದ್ರೆಯನ್ನು ಇಕ್ಕಳದಲ್ಲಿ ಒತ್ತಿದೆ. ಕೆಮ್ಮು ನಿಂತಿತು. ಯಜಮಾನರು, "ಏನು ಮಾಡಿದ್ರಿ? ಸದ್ದೇ ಇಲ್ಲವಲ್ಲ" ಎಂದು ಕೇಳಿದಾಗ, "ಕ್ಲೀನ್ ಮಾಡಿದೆ ಸಾರ್" ಅಂದೆ. ಟೋಪಿಯ ಮೇಲಿದ್ದ ಧೂಳು ಒರೆಸಿದ್ದೆ. ಆದ್ದರಿಂದ ಅದೂ ಸುಳ್ಳಾಗಿರಲಿಲ್ಲ.

ಆಯುಧ ಪೂಜೆಯ ದಿನ ಬಾಯ್ಲರನ್ನು ತೊಳೆದು ಅಲಂಕಾರ ಮಾಡುವುದು ನನ್ನ ಪಾಲಿನ ಕೆಲಸ. ವಿಭೂತಿಯನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ ಬಾಯ್ಲರಿನ ಎದೆಗೆ ಮೂರು ಪಟ್ಟೆ ಬಳಿದೆ, ಪಂಪಿಗೂ ಒಲೆಗೆ ಗಾಳಿ ಊದುವ ಬ್ಲೋವರಿಗೂ ಬಳಿದೆ. ಕಡೆಗೆ ಮೀಟರು. ಗುಂಡಗೆ ಮುಖದಂತಿರುವ ಮೀಟರಿಗೆ ಅಲಂಕಾರ ಮಾಡದೆ ಬಿಡಲು ಯಾರಿಗೂ ಮನಸ್ಸು ಬರುವುದಿಲ್ಲ. ಗಾಜಿನ ಮೇಲೆ ಅಗಲವಾಗಿ ಮೂರು ಪಟ್ಟೆ, ಅದರ ಮಧ್ಯೆ ಕಾಸಿನಗಲ ಕುಂಕುಮ. ಪ್ರತಿ ವರ್ಷ ಹಾಗೇ ಮಾಡುತ್ತಿದ್ದೆ. ಅದನ್ನು ಯಾರೂ ಒರೆಸುತ್ತಿರಲಿಲ್ಲ. ಪೂಜೆಯ ಕುಂಕುಮವನ್ನು ಕೈಯಾರೆ ಒರೆಸುವುದು ಅಪಶಕುನ. ಬಿಸಿಗೆ ಒಣಗಿ ತಾನಾಗಿ ಉದುರಬೇಕು. ಉದುರಲು ವಾರ, ಹತ್ತು ದಿನ. ಅಷ್ಟು ದಿನ ಮುಳ್ಳಿನ ತುದಿಯೂ ಕೆಂಪು ಗೀಟೂ ಕಾಣುತ್ತಿರಲಿಲ್ಲ. ಹಿಂದಿನ ವರ್ಷಗಳಲ್ಲಿ ಏನೂ ಆಗಿರಲಿಲ್ಲ, ಏಕೆಂದರೆ ಮೇಲೆ ವಾಲ್ವು ಸರಿಯಾಗಿತ್ತು.

ಪೂಜೆ ಮುಗಿದು ಪುರಿ ಹಂಚುವಾಗ ಅವಳು ಬಂದು ನೋಡಿದಳು.

"ಇದೇನಣ್ಣೋ, ಮೀಟ್ರುಗೆ ಮದ್ವೆ ಮಾಡ್ಬುಟ್ರಾ? ಮುಖವೇ ಕಾಣಾಕಿಲ್ಲ."

"ಮದ್ಲಗಿತ್ತಿ ಕಣವ್ವ" ಎಂದ ಫೈರ್‌ಮನ್. "ಮದ್ಲಗಿತ್ತಿ ಮುಖವ ಬಂದೋರ್ಗೆಲ್ಲ ತೋರ್ಸಾರಾ?"

"ನಗಿ ನಗಿ. ಮುಳ್ಳು ಗೀಟು ದಾಟುದ್ರೆ ಯಾರ್ಗೆ ಗೊತ್ತಾದದು?"

"ನನ್ ಕಿವಿ ಐತೆ" ಅಂದೆ. "ನೀನು ಕಸ ಗುಡ್ಸು."

ಮೂರನೆಯ ದಿನ ಬೆಳಿಗ್ಗೆ ಹತ್ತು ಹತ್ತೂವರೆಯ ಹೊತ್ತು. ಒಳಗೆ ಒಣಗಿಸುವ ಯಂತ್ರದ ಬೆಲ್ಟು ಕಿತ್ತುಹೋಯಿತು. ಭತ್ತ ಬೇಯಿಸುವುದನ್ನೂ ನಿಲ್ಲಿಸಿದರು. ಆವಿ ಎಳೆಯುವವರು ಯಾರೂ ಇಲ್ಲದ ಮೇಲೆ ಉರಿ ತಗ್ಗಿಸಬೇಕು. ಅದನ್ನು ಫೈರ್‌ಮನ್‌ಗೆ ಹೇಳಬೇಕಾದವನು ನಾನು. ಹೇಳದೆ ಗೇಟಿನ ಎದುರಿನ ಟೀ ಅಂಗಡಿಗೆ ಹೋದೆ. ಬೆಲ್ಟು ಐದು ನಿಮಿಷದಲ್ಲಿ ಹಾಕುತ್ತಾರೆ, ಒತ್ತಡ ಏರಿದರೆ ವಾಲ್ವು ಕೂಗುತ್ತದೆ, ಕೇಳಿಸುತ್ತದೆ. ಇದು ನನ್ನ ಲೆಕ್ಕಾಚಾರ. ಆ ವಾಲ್ವಿನ ಬಾಯನ್ನು ನಾನೇ ಕಟ್ಟಿದ್ದೆ ಎಂಬುದು ಆ ಗಳಿಗೆಯಲ್ಲಿ ನನಗೆ ನೆನಪಾಗಲಿಲ್ಲ. ಇದನ್ನು ಯಾರೂ ನಂಬುವುದಿಲ್ಲ ಎಂದು ಗೊತ್ತು. ಆದರೂ ನಿಜ ಅದೇ.

ಅರ್ಧ ಲೋಟ ಟೀ ಕುಡಿದಿದ್ದೆ. ಅವಳು ಓಡಿ ಬಂದಳು.

"ಅಣ್ಣೋ, ಮುಳ್ಳು ಕೆಂಪು ಗೀಟು ದಾಟೋಗೈತೆ. ಬನ್ನಿ, ಬೇಗ ಬನ್ನಿ!"

"ಮುಳ್ಳು ನಿಂಗೆಂಗೆ ಕಾಣ್ತು?"

"ಒರಸ್ದೆ."

ಅವಳ ಸೆರಗಿನ ತುದಿ ಕೆಂಪಾಗಿತ್ತು. ಟೀ ಅಂಗಡಿಯ ಬೆಂಚಿನ ಮೇಲಿದ್ದ ನಾಲ್ಕು ಜನರೂ ಅದನ್ನೇ ನೋಡಿದರು. ಒಬ್ಬ, "ಅಯ್ಯೋ, ಹಬ್ಬದ ಕುಂಕುಮ ಒರಸ್ಬುಟ್ಲಲ್ಲಪ್ಪೋ" ಎಂದ. ಮುಳ್ಳು ಎಷ್ಟು ದಾಟಿದೆ ಎಂದು ನಾನು ಕೇಳಬೇಕಿತ್ತು. ಅದರ ಬದಲು, ಆ ನಾಲ್ಕು ಜನರ ಮುಂದೆ, ಅವಳಿಗೆ ಹೇಳಿದೆ:

"ನಿನ್ ಹಣೇದು ಓಯ್ತು ಅಂತ ಅದ್ರುದ್ನೂ ಒರಸ್ದಾ?"

ಈ ಮಾತನ್ನು ಬರೆಯಬೇಕೋ ಬೇಡವೋ ಎಂದು ತುಂಬ ದಿನ ಯೋಚಿಸಿದೆ. ಇದನ್ನು ಬಿಟ್ಟು ಉಳಿದದ್ದೆಲ್ಲ ಬರೆದರೆ ಅದೂ ನನ್ನ ಹಳೆಯ ಚಾಳಿಯೇ ಆಗುತ್ತದೆ.

ಅವಳು ಅಳಲಿಲ್ಲ. ಅಲ್ಲಿಯವರೆಗೂ ಬಹುವಚನದಲ್ಲಿ ಮಾತಾಡುತ್ತಿದ್ದವಳು, "ನನ್ನ ಆಮ್ಯಾಕೆ ಬಯ್ಯೀವಂತೆ, ಮೊದ್ಲು ಬಾ!" ಎಂದು ಕೂಗಿ ತಿರುಗಿ ಓಡಿದಳು. ನಾನು ಲೋಟ ಕೆಳಗಿಟ್ಟು ಏಳುವಷ್ಟರಲ್ಲಿ ಆ ಸದ್ದಾಯಿತು. ಬಾಂಬಿನಂಥ ಸದ್ದಲ್ಲ. ನೂರು ಕುಕ್ಕರು ಒಟ್ಟಿಗೆ ವಿಷಲ್ ಹಾಕಿ ನಿಲ್ಲಿಸದೇ ಹೋದಂಥ ಸದ್ದು.

ಬಾಯ್ಲರು ಒಡೆದಿರಲಿಲ್ಲ. ಒಡೆದಿದ್ದರೆ ಇದನ್ನು ಬರೆಯಲು ನಾನೂ ಇರುತ್ತಿರಲಿಲ್ಲ. ಆವಿಯ ಪೈಪಿನ ಒಂದು ಜೋಡಣೆಯಲ್ಲಿ, ಸೋರದಂತೆ ಇಟ್ಟಿದ್ದ ಪ್ಯಾಕಿಂಗ್ ಹಾರಿಹೋಗಿತ್ತು. ಆವಿ ಎಂದರೆ ಬಿಳಿ ಹೊಗೆ ಎಂದು ಜನ ತಿಳಿದಿದ್ದಾರೆ. ಬಿಳಿ ಕಾಣುವುದು ಅದು ಒಂದು ಮಾರು ದೂರ ಹೋಗಿ ತಣ್ಣಗಾಗಲು ಶುರುವಾದ ಮೇಲೆ. ಪೈಪಿನ ಬಾಯಲ್ಲಿ ಏನೂ ಕಾಣುವುದಿಲ್ಲ. ಫೈರ್‌ಮನ್ ಪೈಪಿನ ವಾಲ್ವು ಮುಚ್ಚಲು ಹೋಗಿ ಆ ಕಾಣದ ಜಾಗಕ್ಕೆ ಕೈ ಚಾಚಿದ್ದ. ಎಡಗೈ, ಹೆಗಲು, ಎದೆಯ ಅರ್ಧ ಭಾಗ ಬೆಂದಿತ್ತು. ನಾನು ಬಗ್ಗಿಕೊಂಡು ಒಳಗೆ ನುಗ್ಗಿ ಬ್ಲೋವರ್ ನಿಲ್ಲಿಸಿದೆ, ಉರಿ ಹೊರಕ್ಕೆಳೆದೆ, ಆವಿಯ ಪೈಪಿನ ವಾಲ್ವು ತಿರುಗಿಸಿ ಮುಚ್ಚಿದೆ. ತಪ್ಪಾದ ಮೇಲಿನ ಕೆಲಸವನ್ನೆಲ್ಲ ಪುಸ್ತಕದಲ್ಲಿ ಇರುವಂತೆ ಮಾಡಿದೆ.

ಅವಳು ಅವನನ್ನು ಎಳೆದುಕೊಂಡು ಭತ್ತ ನೆನೆಸುವ ತೊಟ್ಟಿಯ ಹತ್ತಿರ ಹೋಗಿ, ನಲ್ಲಿಯ ಕೆಳಗೆ ಅವನ ಕೈ ಹಿಡಿದು, ಎದೆಗೆ ಚೊಂಬಿನಿಂದ ನೀರು ಹುಯ್ಯುತ್ತಿದ್ದಳು. ಸುತ್ತ ನಿಂತವರು, "ನೀರಾಕ್ಬೇಡ, ಬೊಬ್ಬೆ ಎದ್ದವೆ", "ಇಂಕು ತನ್ನಿ", "ದೋಸೆ ಹಿಟ್ಟು ತನ್ನಿ" ಎಂದು ಕೂಗುತ್ತಿದ್ದರು. ಅವಳು ಯಾರ ಮಾತನ್ನೂ ಕೇಳದೆ, ಕಾರು ಬರುವವರೆಗೂ ನೀರು ಹುಯ್ಯುತ್ತಲೇ ಇದ್ದಳು. ಆ ನೀರಿನಿಂದಲೇ ಕೈ ಉಳಿಯಿತು ಎಂದು ಆಮೇಲೆ ಡಾಕ್ಟರು ಹೇಳಿದರು.

ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ ಮೇಲೆ ಬಾಯ್ಲರ್ ಮನೆಯಲ್ಲಿ ನಾನೊಬ್ಬನೇ ಉಳಿದೆ. ಏಣಿ ಹತ್ತಿದೆ. ಎರಡು ಸುತ್ತು ಬಿಗಿದದ್ದನ್ನು ಎರಡು ಸುತ್ತು ಸಡಿಲಿಸಿ, ತಂತಿ ಸುತ್ತಿ, ಮುದ್ರೆ ಒತ್ತಿದೆ. ಲೆಕ್ಕ ತಪ್ಪಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಯಜಮಾನರು ಬಂದರು, ಜೊತೆಗೆ ಅವರ ತಾಯಿ. ವಯಸ್ಸಾದವರು, ದೈವಭಕ್ತೆ. ಆ ಮಿಲ್ಲಿನ ಪೂಜೆಗಳೆಲ್ಲ ಅವರು ಹೇಳಿದಂತೆಯೇ ನಡೆಯುತ್ತಿದ್ದವು. ಅವರು ಬಾಯ್ಲರ್ ಮನೆಗೆ ಬಂದವರು ಪೈಪು ನೋಡಲಿಲ್ಲ, ಮೀಟರು ನೋಡಿದರು. ಒಣಗಿದ ವಿಭೂತಿಯ ಮಧ್ಯೆ ಅಂಗೈಯಗಲ ಶುಭ್ರವಾದ ಗಾಜು.

"ಇದರ ಕುಂಕುಮ ಯಾರು ತೆಗೆದದ್ದು?" ಎಂದು ನನ್ನನ್ನು ಕೇಳಿದರು.

"ಅವಳು" ಅಂದೆ.

ಅಷ್ಟೇ. ಗಲ್ಲದಿಂದ ಅಂಗಳದ ಕಡೆ ತೋರಿಸಿದೆ. ಅವಳು ಅಲ್ಲಿ ಒದ್ದೆ ಸೀರೆಯಲ್ಲಿ ಕೂತು, ಫೈರ್‌ಮನ್‌ನ ಹೆಂಡತಿ ಆಸ್ಪತ್ರೆಗೆ ಓಡುವಾಗ ಬಿಟ್ಟುಹೋಗಿದ್ದ ಮಕ್ಕಳನ್ನು ಸಂತೈಸುತ್ತಿದ್ದಳು. ಯಜಮಾನರ ತಾಯಿ, "ಗಂಡ ಸತ್ತವಳಾ?" ಎಂದರು. "ಹೌದಮ್ಮ" ಅಂದೆ. ಅದೂ ನಿಜವೇ. ಯಾಕೆ ಒರೆಸಿದಳು ಎಂದು ಅವರು ಕೇಳಲಿಲ್ಲ, ನಾನಾಗಿ ಹೇಳಲಿಲ್ಲ. ಟೀ ಅಂಗಡಿಯ ಬೆಂಚಿನವರು ಹೊರಗೆ ನನ್ನ ಮಾತನ್ನೇ ಆಗಲೇ ಹಂಚುತ್ತಿದ್ದರು. ಸಂಜೆಯೊಳಗೆ ಆ ಮಿಲ್ಲಿನಲ್ಲಿ ಆದದ್ದು ಏನು ಎಂಬುದು ತೀರ್ಮಾನವಾಗಿತ್ತು: ಮುಂಡೆ ಬಾಯ್ಲರಿನ ಕುಂಕುಮ ಒರೆಸಿದಳು, ಬಾಯ್ಲರು ಸಿಟ್ಟಾಯಿತು. ಬಾಯ್ಲರ್ ಇಲಾಖೆಗೆ ವರದಿ ಮಾಡಬೇಕಾದ ಅಪಘಾತವದು. ಮಾಡಲಿಲ್ಲ. ಪ್ಯಾಕಿಂಗ್ ಬದಲಿಸಿದರು, ಶಾಂತಿ ಹೋಮ ಮಾಡಿಸಿದರು.

ಮಾರನೆಯ ದಿನ ಅವಳಿಗೆ ಇನ್ನು ಬರಬೇಡ ಎಂದು ಹೇಳಿದರು. ಗುಮಾಸ್ತರ ರೂಮಿನ ಮುಂದೆ ನಿಂತಿದ್ದಳು. ನಾನು ಬರುವುದನ್ನು ನೋಡಿ ಅವಳ ಮುಖಕ್ಕೆ ಧೈರ್ಯ ಬಂತು.

"ಅಗೋ, ಅಣ್ಣ ಬಂದ್ರು. ಅಣ್ಣಾ, ನೀವೇ ಯೋಳಿ ಇವರ್ಗೆ. ನಾನು ಒರಸ್ದಾಗ ಮುಳ್ಳು ಎಲ್ಲಿತ್ತು?"

"ನಾನು ನೋಡ್ಲಿಲ್ಲ" ಅಂದೆ.

ಹೌದು, ನಾನು ನೋಡಿರಲಿಲ್ಲ. ಅವಳು "ಸರಿ ಬುಡಿ" ಎಂದು, ಪೊರಕೆಯನ್ನು ಗೋಡೆಗೆ ಒರಗಿಸಿ ಹೊರಟುಹೋದಳು. ಆ ಎರಡು ದಿನದಲ್ಲಿ ನಾನು ಒಂದೂ ಸುಳ್ಳು ಹೇಳಿರಲಿಲ್ಲ. ಅದನ್ನೇ ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡು ಊಟ ಮಾಡಿದ್ದೇನೆ, ನಿದ್ದೆ ಮಾಡಿದ್ದೇನೆ.

ಆಮೇಲೆ ಹದಿನೈದು ವರ್ಷಕ್ಕೂ ಮೇಲಾಯಿತು. ಮಿಲ್ಲು ಮುಚ್ಚಿತು, ನಾನು ಮನೆಯಲ್ಲಿ ಕೂತೆ. ಮೂರು ವರ್ಷದ ಹಿಂದೆ ಮದ್ದೂರಿನ ಬಸ್ ಸ್ಟ್ಯಾಂಡಿನಲ್ಲಿ ಫೈರ್‌ಮನ್ ಸಿಕ್ಕಿದ. ಎಡಗೈ ಚರ್ಮ ಸುಕ್ಕಾಗಿ ಹೊಳೆಯುತ್ತಿತ್ತು, ಬೆರಳುಗಳು ಮಾತ್ರ ಚೆನ್ನಾಗಿ ಆಡುತ್ತಿದ್ದವು. ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ ಹಳೆಯವರ ವಿಚಾರ ಬಂತು. ಅವನ ಹೆಂಡತಿಯ ತವರು ಆ ಹೆಂಗಸಿನ ಪಕ್ಕದ ಊರು.

"ಅವಳ ಪಾಡು ಕೇಳ್ಬೇಡ ಕಣಣ್ಣ. ಇಸ್ಕೂಲಲ್ಲಿ ಬಿಸಿಯೂಟ ಮಾಡಾಕೆ ಸೇರುಸ್ಕತೀವಿ ಅಂದಿದ್ರಂತೆ. ಅಲ್ಲಿಗೂ ಓಗಿತ್ತಲ್ಲ ಬಾಯ್ಲರ್ ಕತೆ. ಇವಳು ಒಲೆ ಮುಟ್ಟುದ್ರೆ ಮಕ್ಕಳ್ಗೆ ಏನಾರ ಆದದು ಅಂತ ಊರೋರು ಎದ್ದು ನಿಂತ್ರಂತೆ. ಮಗಳ ಸೀಮಂತದಲ್ಲೂ ಒಳೀಕೆ ಬರ್ಬೇಡ ಅಂದ್ರಂತೆ ಬೀಗ್ರು. ಕೂಲಿ ನಾಲಿ ಮಾಡ್ಕಂಡು ಅವಳೆ." ಕಾಫಿ ಕುಡಿದು ಲೋಟ ಇಟ್ಟ. "ಏನ್ ಮಾಡೀಯೆ, ಅವಳ ಕೈಗುಣ ಅಂತದ್ದು."

ಅವನೂ ಅದನ್ನೇ ನಂಬಿದ್ದ. ಅವಳು ನೀರು ಹುಯ್ದು ಉಳಿಸಿದ ಕೈಯಲ್ಲೇ ಲೋಟ ಹಿಡಿದು ಹಾಗಂದ. ನನಗೆ ತಡೆಯಲಾಗಲಿಲ್ಲ. ನಟ್ಟಿನ ವಿಷಯ ಹೇಳಿಬಿಟ್ಟೆ. ಬಿಗಿದದ್ದು, ಅವನು ಆಸ್ಪತ್ರೆಯಲ್ಲಿದ್ದಾಗ ಸಡಿಲಿಸಿದ್ದು, ಎಲ್ಲ. ತಪ್ಪಾಯಿತು ಕಣಪ್ಪ ಎಂದು ಅವನ ಕೈ ಹಿಡಿದುಕೊಂಡೆ.

ಅವನು ಕೈ ಬಿಡಿಸಿಕೊಂಡ. ಅಷ್ಟು ವರ್ಷ ಅಣ್ಣ ಅಂದವನು ಆಮೇಲೆ ಅಂದ:

"ನಂಗ್ಯಾಕ್ಲಾ ಯೋಳ್ತಿದ್ದೀಯೆ? ನಂದು ಚರ್ಮ ಸುಟ್ತು, ಮತ್ತೆ ಬಂತು. ಓಗ್ಲಾ, ಓಗಿ ಆ ಎಂಗ್ಸಿಗೆ ಯೋಳು. ಓದಿದೋನಂತೆ, ಥೂ."

ಆ ವಾರವೇ ನೋಟ್‌ಬುಕ್ ತಂದದ್ದು. ಹೋಗಿ ಹೇಳುವ ಬದಲು ಬರೆದರಾಯಿತು ಅಂದುಕೊಂಡೆ. ಬರೆಯಲೂ ಇಲ್ಲ. ಅವನು ಆಗಾಗ ಫೋನ್ ಮಾಡಿ, "ಓಗಿದ್ದಾ?" ಎಂದು ಕೇಳುತ್ತಿದ್ದ. ಕಳೆದ ಚಳಿಗಾಲದಲ್ಲಿ ಕಡೆಗೂ ಹೋದೆ. ಮಳವಳ್ಳಿಯಲ್ಲಿ ಇಳಿದು, ಬಾಳೆಹಣ್ಣು, ಬಿಸ್ಕತ್ತು ತೆಗೆದುಕೊಂಡು ಆಟೋದಲ್ಲಿ ಅವಳ ಊರಿಗೆ ಹೋದೆ. ಶೀಟಿನ ಮನೆ. ಬಾಗಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ನನ್ನನ್ನು ತಕ್ಷಣ ಗುರುತಿಸಿದಳು.

"ಅಯ್ಯೋ, ಅಣ್ಣ! ಬನ್ನಿ, ಬನ್ನಿ. ಕಣ್ಣು ಆಪ್ರೇಸನ್ ಆಯ್ತಾ? ಕಪ್ಪು ಕನ್ನಡ್ಕ ಆಕಿದ್ದೀರಿ. ಅತ್ತಿಗೆ ಚೆಂದಾಗವ್ರಾ?"

ಕುರ್ಚಿ ಹಾಕಿದಳು. ನಾನು ಕಲಿತು ಬಂದಿದ್ದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅಷ್ಟರಲ್ಲಿ ಒಳಗೆ ಗ್ಯಾಸಿನ ಮೇಲಿದ್ದ ಕುಕ್ಕರಿನಿಂದ ಒಂದು ಸದ್ದು ಬಂತು. ವಿಷಲ್ ಅಲ್ಲ, ಒಳಗೇ ಗುರ್ ಎನ್ನುವ ಸದ್ದು. ನನ್ನ ಕಿವಿಗೆ ಅದು ಗೊತ್ತು. ಎದ್ದು ಹೋಗಿ ಗ್ಯಾಸು ಆರಿಸಿ, ಅವಳನ್ನು ಹೊರಗೆ ಕಳಿಸಿ, ತಣ್ಣಗಾಗುವವರೆಗೂ ಕಾದು ಮುಚ್ಚಳ ತೆಗೆದೆ. ಆವಿ ಹೋಗುವ ತೂತಿನಲ್ಲಿ ಬೇಳೆ ಸಿಪ್ಪೆ ಕಟ್ಟಿತ್ತು. ಅದರ ಪಕ್ಕ, ಒತ್ತಡ ಮೀರಿದರೆ ಕರಗಿ ದಾರಿ ಬಿಡಬೇಕಾದ ಸಣ್ಣ ಸೇಫ್ಟಿ ಬಿಲ್ಲೆ ಇರುತ್ತದಲ್ಲ, ಆ ಜಾಗಕ್ಕೆ ಯಾರೋ ಒಂದು ಬೋಲ್ಟು ಹಾಕಿ ಬಿಗಿದಿದ್ದರು.

"ಇದ್ಯಾರು ಮಾಡಿದ್ದು?" ಎಂದು ಗದರಿದೆ.

"ಅಲ್ಲಿ ಸೋರ್ತಿತ್ತಣ್ಣ. ಪಾತ್ರೆ ರಿಪೇರಿಯೋನು ಬಂದಿದ್ದ, ಆಕ್ಕೊಟ್ಟ. ಈಗ ಸೋರಾಕಿಲ್ಲ."

ನಾನು ಸೂಜಿಯಿಂದ ತೂತು ಬಿಡಿಸುತ್ತಾ ಅವಳಿಗೆ ಪಾಠ ಮಾಡಿದೆ. ಸೋರಿದರೆ ಹೊಸ ಬಿಲ್ಲೆ, ಹೊಸ ರಬ್ಬರು ಹಾಕಿಸಬೇಕು. ಅದು ಪಾತ್ರೆಗಿಂತ ಮೊದಲು ಸೋಲಲೆಂದೇ ಇಟ್ಟಿರುವುದು. ಅದನ್ನು ಕಟ್ಟಿಬಿಟ್ಟರೆ ಆವಿಗೆ ದಾರಿಯಿಲ್ಲ, ಪಕ್ಕದಲ್ಲಿ ನಿಂತವರ ಮುಖಕ್ಕೇ ಬರುತ್ತದೆ. ಬೋಲ್ಟು ಬಿಚ್ಚಿ ಜೇಬಿಗೆ ಹಾಕಿಕೊಂಡೆ. ಹೊಸ ಬಿಲ್ಲೆ ಹಾಕಿಸುವವರೆಗೂ ಈ ಕುಕ್ಕರು ಒಲೆಗಿಡಬೇಡ ಎಂದೆ. ಅವಳು ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸಿ ಕೇಳುತ್ತಿದ್ದಳು. ಎಲ್ಲ ಕೇಳಿ, ನಿಧಾನವಾಗಿ ಅಂದಳು:

"ಅಂಗಾರೆ ಅವತ್ತು ಮಿಲ್ಲಲ್ಲೂ ಇಂಗೇ ಎಲ್ಲೋ ಬಿಗಿಯಾಗಿತ್ತೇನೋ, ಅಲ್ವಾ ಅಣ್ಣ? ಮುಳ್ಳು ಅಷ್ಟು ದೂರ ಓದ್ರೂ ಮ್ಯಾಲಿಂದು ಕೂಗ್ಲೇ ಇಲ್ಲ. ನಾನು ಎಷ್ಟೋ ದಿನ ಯೋಚ್ನೆ ಮಾಡಿವ್ನಿ. ನನ್ ಕೈ ತಾಕಿದ್ದಕ್ಕೇ ಆಯ್ತೋ ಏನೋ ಅಂತ ನಂಗೂ ಅನ್ಸ್ಬುಡೋದು."

ಅಷ್ಟು ವರ್ಷ ಅವಳು ಅದನ್ನು ತನ್ನ ಮೇಲೇ ಹೊತ್ತುಕೊಂಡಿದ್ದಳು. ಊರಿನವರು ಅಂದದ್ದನ್ನು ಅರ್ಧ ತಾನೂ ನಂಬಿದ್ದಳು. ಅದನ್ನು ಇಳಿಸಲು ನಾನು ಒಂದು ಹೌದು ಅಂದರೆ ಸಾಕಿತ್ತು. ಬಾಗಿಲು ಅವಳೇ ತೆರೆದು ಕೊಟ್ಟಿದ್ದಳು.

"ಹಳೇ ಬಾಯ್ಲರು" ಅಂದೆ. "ಯಾರಿಗೆ ಗೊತ್ತು."

ಅದು ನಾನು ಅವಳಿಗೆ ಹೇಳಿದ ಮೊದಲ ನೇರ ಸುಳ್ಳು. ಅವಳು ತಲೆಯಾಡಿಸಿ ಮತ್ತೆ ಅವರೆಕಾಯಿ ಎತ್ತಿಕೊಂಡಳು. ಸೌದೆ ಒಲೆಯಲ್ಲಿ ಅನ್ನ ಮಾಡಿ ಬಡಿಸಿದಳು. ಉಂಡೆ. ಬಸ್ಸಿನವರೆಗೂ ಬಂದು, "ಉಸಾರಾಗಿ ಓಗಿ, ಮೆಟ್ಲು ಎತ್ರ ಐತೆ" ಎಂದು ಹತ್ತಿಸಿದಳು. ಗುತ್ತಲಿಗೆ ಬಂದ ಮೇಲೆ ಫೈರ್‌ಮನ್ ಫೋನ್ ಮಾಡಿದ.

"ಯೋಳ್ದಾ?"

"ಹೂಂ."

"ಏನಂದ್ಲು?"

"ಏನೂ ಅನ್ಲಿಲ್ಲ."

ಹೇಳಲಿಲ್ಲ ಕಣಪ್ಪ. ನೀನು ಇದನ್ನು ಯಾರಿಂದಲಾದರೂ ಓದಿಸಿ ಕೇಳಿದರೆ ತಿಳಿದುಕೋ, ನಾನು ಹೇಳಲಿಲ್ಲ.

ಈಗ ಹೇಳುತ್ತಿದ್ದೇನೆ. ಬಾಯ್ಲರಿನ ಸೇಫ್ಟಿ ವಾಲ್ವು ಬಿಗಿದವನು ನಾನು. ಮೀಟರು ಮುಚ್ಚಿದವನು ನಾನು. ಉರಿ ತಗ್ಗಿಸಲು ಹೇಳದೆ ಟೀ ಕುಡಿಯಲು ಹೋದವನು ನಾನು. ಅವತ್ತು ಅಲ್ಲಿ ಸರಿಯಾದ ಕೆಲಸ ಮಾಡಿದ್ದು ಒಬ್ಬರೇ, ಗಾಜು ಒರೆಸಿ ಮುಳ್ಳು ನೋಡಿದವಳು. ಅವಳ ಕೈಯಿಂದ ಯಾರಿಗೂ ಕೇಡಾಗಲಿಲ್ಲ. ಅವಳ ಊರಿನವರು, ಬೀಗರು, ಶಾಲೆಯವರು ಇದನ್ನು ತಿಳಿಯಬೇಕು. ಈ ಹಾಳೆಗಳ ಒಂದು ಪ್ರತಿಯನ್ನು ಅವಳ ಮಗಳಿಗೆ ಅಂಚೆಯಲ್ಲಿ ಕಳಿಸುತ್ತೇನೆ. ಮಗಳಿಗೆ ಓದಲು ಬರುತ್ತದೆ. ಎದುರು ನಿಂತು ಹೇಳುವ ಧೈರ್ಯ ನನಗೆ ಇಲ್ಲ ಎಂಬುದು ಕಳೆದ ಚಳಿಗಾಲದಲ್ಲಿ ಗೊತ್ತಾಗಿಹೋಯಿತು.

ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಅದನ್ನು ಜನರ ಬಾಯಿಗೆ ಹಾಕಿದ್ದೇ ನಾನು, ಮತ್ತೆ ಹಾಕಲಾರೆ. ಆದರೆ ಯಾರೆಂಬುದರಲ್ಲಿ ಅನುಮಾನ ಉಳಿಯಬಾರದು. ಯಜಮಾನರಲ್ಲ, ಅವರ ತಾಯಿಯಲ್ಲ, ಫೈರ್‌ಮನ್ ಅಲ್ಲ. ಮದ್ದೂರು ಮಳವಳ್ಳಿ ರಸ್ತೆಯ ಅಕ್ಕಿ ಮಿಲ್ಲಿನಲ್ಲಿ ಬಾಯ್ಲರ್ ಮನೆ ಗುಡಿಸುತ್ತಿದ್ದವಳು, ಒಬ್ಬಳು ಮಗಳ ತಾಯಿ, ನಾನು ತಂಗಿ ಎಂದು ಒಂದು ದಿನವೂ ಕರೆಯದಿದ್ದ ಹೆಂಗಸು. ನಾನು ಕ್ಷಮೆ ಕೇಳದೆ ಉಳಿದಿರುವುದು ಅವಳನ್ನು.